ಹೆಸರು ಅಳಿಸಿಹೋದ ಲೆನ್ಸಿಗೆ ಟಾರ್ಚ್ ಹಾಕಿ ನೋಡಿದಾಗ

ಹಳೇ ಫಿಲ್ಮ್ ಕ್ಯಾಮೆರಾ ಕೈಗೆ ಬಂದ ತಕ್ಷಣ ಎಲ್ರೂ ಮಾಡೋ ಮೊದಲ ಕೆಲ್ಸ ಮುಂದೆ ಏನು ಹೆಸರು ಬರ್ದಿದೆ ಅಂತ ಓದೋದು, ನಾನೂ ಸುಮಾರು ವರ್ಷ ಅಷ್ಟೇ ಮಾಡ್ತಿದ್ದೆ. ಆಮೇಲೆ ಒಂದ್ಸಲ ಒಂದು ಮಡಚೋ ಕ್ಯಾಮೆರಾ ಸಿಕ್ತು, ಗುಂಡಿ ಒತ್ತಿದ್ರೆ ಮುಚ್ಚಳ ಬಿಚ್ಕೊಂಡು ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆಯ ಕಪ್ಪು ಬೆಲ್ಲೋಸ್ ಮುಂದಕ್ಕೆ ಬರತ್ತಲ್ಲ ಆ ಥರದ್ದು. ಯಾರೋ ಅದನ್ನ ಎಷ್ಟು ವರ್ಷ ಉಜ್ಜಿ ಒರೆಸಿದ್ರೋ ಏನೋ, ಲೆನ್ಸಿನ ಸುತ್ತ ಇರೋ ಉಂಗುರದ ಮೇಲೆ ಒಂದಕ್ಷರಾನೂ ಉಳಿದಿರಲಿಲ್ಲ. ಯಾವ ಲೆನ್ಸು, ಯಾವ ಕಾಲದ್ದು ಅಂತ ಹೇಳೋಕೆ ಹೆಸರೂ ಇಲ್ಲ, ನಂಬರೂ ಇಲ್ಲ. ಆಗ ಕಲಿತಿದ್ದೇ ಈ ಟಾರ್ಚಿನ ಕೆಲ್ಸ, ಈಗಂತೂ ಹೆಸರು ಸ್ಪಷ್ಟವಾಗಿ ಕಾಣ್ತಿದ್ರೂ ನಾನು ಮೊದಲು ಟಾರ್ಚೇ ಹಾಕೋದು.

ಕತ್ತಲೆ ಕೋಣೇಲಿ ಲೆನ್ಸ್ ಹಿಡ್ಕೊಂಡು ಸ್ವಲ್ಪ ಓರೆಯಾಗಿ ಟಾರ್ಚ್ ಬಿಡಿ. ಒಳಗೆ ಸಾಲಾಗಿ ಬೆಳಕಿನ ಚುಕ್ಕೆಗಳು ಕಾಣತ್ವೆ, ಕೆಲವು ದೊಡ್ಡವು ಕೆಲವು ಸಣ್ಣವು, ಲೆನ್ಸ್ ಅಲ್ಲಾಡಿಸಿದ್ರೆ ಒಂದೊಂದು ಒಂದೊಂದು ಕಡೆ ಓಡತ್ತೆ. ಪ್ರತಿ ಚುಕ್ಕೆಯೂ ಒಂದು ಗಾಜಿನ ಮೈಯಿಂದ ವಾಪಸ್ ಬಂದ ಬೆಳಕು. ಗಾಳಿಯಿಂದ ಗಾಜಿಗೆ ಹೋಗೋವಾಗ, ಗಾಜಿಂದ ಗಾಳಿಗೆ ಬರೋವಾಗ, ಎರಡು ಸಲಾನೂ ಸುಮಾರು ಶೇಕಡ 4ರಷ್ಟು ಬೆಳಕು ಹಿಂದಕ್ಕೆ ಪುಟಿಯತ್ತೆ. ಯಾಕಂದ್ರೆ ಗಾಳಿಯ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನ ಎಷ್ಟು ಬಾಗಿಸತ್ತೆ ಅನ್ನೋ ಅಳತೆ, 1, ಮಾಮೂಲಿ ಗಾಜಿಂದು 1.5ರ ಆಸುಪಾಸು, ಈ ವ್ಯತ್ಯಾಸ ಹೆಚ್ಚಾದಷ್ಟೂ ಪುಟಿಯೋ ಬೆಳಕೂ ಹೆಚ್ಚು. ಅದೇ ಎರಡು ಗಾಜನ್ನ ಅಂಟು ಹಾಕಿ ಕೂಡಿಸಿದ್ರೆ ನಡುವೆ ಗಾಳಿ ಇರಲ್ಲ. ಹಳೇ ಕಾಲದಲ್ಲಿ ಆ ಅಂಟು ಕೆನಡಾ ಬಾಲ್ಸಮ್, ಅಂದ್ರೆ ಒಂದು ಜಾತಿ ಫರ್ ಮರದ ಅಂಟುರಸ, ಅದರ ಸೂಚ್ಯಂಕ ಹೆಚ್ಚುಕಮ್ಮಿ ಗಾಜಿನಷ್ಟೇ ಇರೋದ್ರಿಂದ ಅಲ್ಲಿ ಬರೋ ಚುಕ್ಕೆ ಎಷ್ಟು ಮಂಕು ಅಂದ್ರೆ ಹುಡುಕಿ ಹುಡುಕಿ ನೋಡ್ಬೇಕು.

ಇಷ್ಟು ಗೊತ್ತಾದ್ರೆ ಒಂದು ಸ್ಕ್ರೂನೂ ಬಿಚ್ಚದೆ ಲೆನ್ಸಿನ ಒಳಗಿನ ರಚನೆ ಎಣಿಸಿ ಹೇಳಬಹುದು! ಬಿಡಿಬಿಡಿಯಾಗಿ ಮೂರೇ ಗಾಜು ಇರೋದು ಟ್ರಿಪ್ಲೆಟ್, ಇಂಗ್ಲೆಂಡಿನ ಡೆನಿಸ್ ಟೇಲರ್ 1893ರಲ್ಲಿ ಪೇಟೆಂಟ್ ಮಾಡಿದ್ದು, ಅದರಲ್ಲಿ 6 ಹೊಳೆಯೋ ಚುಕ್ಕೆ, ಮಂಕು ಒಂದೂ ಇಲ್ಲ. 1902ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ಮಾಡಿದ ಟೆಸ್ಸಾರ್‌ನಲ್ಲಿ ನಾಲ್ಕು ಗಾಜು, ಹಿಂದಿನ ಎರಡು ಅಂಟಿಕೊಂಡಿರತ್ವೆ, ಹಾಗಾಗಿ 6 ಹೊಳೆಯೋವು ಮತ್ತೆ 1 ಮಂಕು. ಆ ಒಂದು ಮಂಕು ಚುಕ್ಕೆ ಸಿಗೋಕೆ ನಾನು ಲೆನ್ಸನ್ನ ಹಿಂದಿನಿಂದ ನೋಡ್ತೀನಿ, ಮುಂದಿನಿಂದ ನೋಡಿದ್ರೆ ಬೇರೆ ಚುಕ್ಕೆಗಳ ಹೊಳಪಲ್ಲಿ ಕಳೆದುಹೋಗತ್ತೆ. ನನ್ನ ಮಡಚೋ ಕ್ಯಾಮೆರಾದಲ್ಲಿ ಆರು ಹೊಳೆಯೋವು ಬೇಗ ಸಿಕ್ವು, ಆ ಏಳನೇದು ಸಿಗೋಕೆ ಅರ್ಧ ಗಂಟೆ ಬೇಕಾಯ್ತು, ಸಿಕ್ಕಾಗ ಆದ ಖುಷಿ ಇವತ್ತಿಗೂ ನೆನಪಿದೆ. ಅಂದ್ರೆ ಟೆಸ್ಸಾರ್ ಮಾದರಿ. ಝೈಸೇ ಆಗ್ಬೇಕು ಅಂತೇನಿಲ್ಲ, ಪೇಟೆಂಟ್ ಮುಗಿದ ಮೇಲೆ ಶ್ನೈಡರ್‌ನವರು ಕ್ಸೆನಾರ್ ಅಂತ, ಫೋಗ್ಟ್‌ಲೆಂಡರ್‌ನವರು ಸ್ಕೋಪಾರ್ ಅಂತ ಇದೇ ರಚನೆ ಮಾಡಿದ್ರು, ರಷ್ಯಾದ ಇಂಡಸ್ಟಾರ್ ಕೂಡ ಇದೇ.

ಎಣಿಸಿ ಆಯ್ತು, ಈಗ ಚುಕ್ಕೆಗಳ ಬಣ್ಣ ನೋಡ್ಬೇಕು, ನನಗೆ ತುಂಬಾ ಇಷ್ಟದ ಭಾಗ ಇದು. ಒಂದೊಂದು ಮೈಗೂ ಶೇಕಡ 4 ಹೋದ್ರೆ ಟೆಸ್ಸಾರ್‌ನ ಆರು ಮೈ ದಾಟೋವಾಗ 100ರಲ್ಲಿ ಸುಮಾರು 78 ಮಾತ್ರ ಸೀದಾ ಫಿಲ್ಮಿಗೆ ತಲುಪತ್ತೆ. ಉಳಿದಿದ್ದರಲ್ಲಿ ಒಂದಷ್ಟು ಒಳಗೇ ಅತ್ತಿಂದಿತ್ತ ಪುಟಿದು ಫೋಟೋನ ಮಬ್ಬು ಮಾಡತ್ತೆ. ಇದೇ ರುಡಾಲ್ಫ್ 1896ರಲ್ಲಿ ಮಾಡಿದ ಪ್ಲಾನಾರ್‌ನಲ್ಲಿ ಗಾಳಿಗೆ ತೆರೆದ ಮೈ 8 ಇದ್ವು, ಒಳ್ಳೇ ಲೆನ್ಸಾಗಿದ್ರೂ ಈ ಮಬ್ಬಿನ ಕಾಟಕ್ಕೆ ಬಹಳ ವರ್ಷ ಹಿಂದೆ ಬಿತ್ತು. ಪರಿಹಾರದ ಮೊದಲ ಸುಳಿವು ಸಿಕ್ಕಿದ್ದು ಆ ಟ್ರಿಪ್ಲೆಟ್ ಟೇಲರ್‌ಗೇ. ವರ್ಷಗಳಾಗಿ ಮೈ ಬಣ್ಣಗೆಟ್ಟ ಹಳೇ ಲೆನ್ಸುಗಳು ಹೊಸ ಲೆನ್ಸಿಗಿಂತ ಜಾಸ್ತಿ ಬೆಳಕು ಬಿಡ್ತಾವೆ ಅನ್ನೋದನ್ನ ಅವರು 19ನೇ ಶತಮಾನ ಮುಗಿಯೋ ಮುಂಚೆನೇ ಗಮನಿಸಿದ್ರು. ಹಾಳಾಗಿದೆ ಅಂತ ಎಲ್ರೂ ಪಕ್ಕಕ್ಕಿಟ್ಟಿದ್ದನ್ನ ಒಬ್ರು ಅಳತೆ ಮಾಡಿ ನೋಡಿದ್ರಲ್ಲ, ಅದು ನನಗೆ ದೊಡ್ಡದು ಅನ್ಸತ್ತೆ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಇದನ್ನ ಬೇಕಂತಲೇ ಮಾಡೋ ದಾರಿಗೆ ಪೇಟೆಂಟ್ ತಗೊಂಡ್ರು, ಗಾಜಿನ ಮೇಲೆ ಬೆಳಕಿನ ತರಂಗದ ಕಾಲು ಭಾಗದಷ್ಟು ದಪ್ಪದ ಪದರ ಕೂರಿಸೋದು. ಮುಂದೆ ಇದಕ್ಕೆ ಮೆಗ್ನೀಸಿಯಂ ಫ್ಲೋರೈಡ್ ರೂಢಿಯಾಯ್ತು, ಪದರ ಸುಮಾರು 100 ನ್ಯಾನೋಮೀಟರ್, ತಲೆಕೂದಲಿಗಿಂತ ನೂರಾರು ಪಟ್ಟು ತೆಳು. ಪದರದ ಮೇಲಿಂದ ಪುಟಿದ ತರಂಗ, ಕೆಳಗಿಂದ ಪುಟಿದ ತರಂಗ, ಒಂದರ ಏರು ಇನ್ನೊಂದರ ಇಳಿವಿಗೆ ಕೂತು ಎರಡೂ ಒಂದನ್ನೊಂದು ಕುಗ್ಗಿಸತ್ವೆ.

ಆದ್ರೆ ಒಂದೇ ಪದರ ಒಂದೇ ಬಣ್ಣಕ್ಕೆ ಸರಿಹೊಂದತ್ತೆ, ಸಾಮಾನ್ಯವಾಗಿ ನಡುವಿನ ಹಸಿರಿಗೆ. ಹಸಿರು ಕುಗ್ಗಿ ನೀಲಿ, ಕೆಂಪು ಸ್ವಲ್ಪ ಉಳಿಯೋದ್ರಿಂದ ಚುಕ್ಕೆ ನೇರಳೆಯಾಗಿ ಕಾಣತ್ತೆ, ಪದರದ ದಪ್ಪ ಬೇರೆಯಾದ್ರೆ ಜೇನಿನ ಬಣ್ಣ. ಪದರ ಇಲ್ಲದ ಲೆನ್ಸಲ್ಲಿ ಎಲ್ಲಾ ಚುಕ್ಕೆಗಳೂ ಬೆಳ್ಳಗೆ, ಟಾರ್ಚಿನ ಬಣ್ಣದ್ದೇ. ಇನ್ನು ಹಸಿರು, ಕೆಂಪು, ನೇರಳೆ ಹೀಗೆ ಬೇರೆ ಬೇರೆ ಬಣ್ಣದಲ್ಲಿ ಮಂದವಾಗಿ ಮಿನುಗಿದ್ರೆ ಬಹುಪದರದ ಲೆನ್ಸಿರಬಹುದು, ಪೆಂಟಾಕ್ಸ್‌ನವರ ಸೂಪರ್ ಮಲ್ಟಿ ಕೋಟೆಡ್ ಟಾಕುಮಾರ್ ಬಂದಿದ್ದು 1971ರಲ್ಲಿ, ಆ ದಶಕದಿಂದಲೇ ಇದು ಎಲ್ಲಾ ಕಡೆ ಹರಡಿದ್ದು. ಬೆಳ್ಳಗಿದ್ರೆ ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು ಅಂತ ಕಣ್ಮುಚ್ಚಿ ಹೇಳೋ ಹಾಗಿಲ್ಲ, ಅಗ್ಗದ ಕ್ಯಾಮೆರಾಗಳಿಗೆ ಯುದ್ಧ ಮುಗಿದ ಮೇಲೂ ಪದರ ಹಾಕ್ತಿರಲಿಲ್ಲ, ಕೆಲವರು ಹಳೇ ಲೆನ್ಸಿಗೆ ಆಮೇಲೆ ಪದರ ಹಾಕಿಸಿದ್ದೂ ಇದೆ. ಹಾಗಾಗಿ ಬೇರೆ ಸಾಕ್ಷಿನೂ ಕೂಡಿಸ್ಬೇಕು.

ಲೆನ್ಸಿನ ಮೂಲಕ ಬಿಳಿ ಕಾಗದ ನೋಡಿದ್ರೆ ಚಹಾದ ಬಣ್ಣಕ್ಕೆ ಕಾಣ್ತಿದೆಯಾ? ಅದು ಕೊಳೆ ಅಲ್ಲ, ಬಹುತೇಕ ಥೋರಿಯಂ ಸೇರಿಸಿದ ಗಾಜು. ಥೋರಿಯಂ ಹಾಕಿದ್ರೆ ಬಣ್ಣಗಳನ್ನ ಹೆಚ್ಚು ಚೆದುರಿಸದೆ ಬೆಳಕನ್ನ ಜೋರಾಗಿ ಬಾಗಿಸೋ ಗಾಜು ಸಿಗತ್ತೆ, ಅದಕ್ಕೇ ಕೊಡಾಕ್‌ನ ಏರೋ ಎಕ್ಟಾರ್, ಏಳು ಗಾಜಿನ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4 ಇಂಥವುಗಳಲ್ಲಿ ಅದಿದೆ. ಥೋರಿಯಂನ ಅರ್ಧಾಯುಷ್ಯ (ಅದರಲ್ಲಿ ಅರ್ಧ ಪಾಲು ಕ್ಷಯಿಸೋಕೆ ಹಿಡಿಯೋ ಕಾಲ) ಸುಮಾರು 1400 ಕೋಟಿ ವರ್ಷ, ಅದು ಸೂಸೋ ವಿಕಿರಣ ಗಾಜಿನೊಳಗಿನ ಎಲೆಕ್ಟ್ರಾನ್‌ಗಳನ್ನ ಕಿತ್ತು ಬೇರೆ ಜಾಗದಲ್ಲಿ ಸಿಕ್ಕಿಸತ್ತೆ, ಅಂಥಾ ಜಾಗಗಳು ನೀಲಿ ಬೆಳಕನ್ನ ನುಂಗೋದ್ರಿಂದ ಗಾಜು ಹಳದಿ. ಕೆಲವು ದಿನ ಬಿಸಿಲಲ್ಲೋ ನೇರಳಾತೀತ ದೀಪದ ಕೆಳಗೋ ಇಟ್ರೆ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡು ಹಳದಿ ಇಳಿಯತ್ತೆ (ಬಿಸಿಲಲ್ಲಿಡೋವಾಗ ಹಿಂದಿನ ಮುಚ್ಚಳ ತೆಗೀಬೇಡಿ, ಲೆನ್ಸು ಭೂತಗನ್ನಡಿ ಥರ ಏನನ್ನಾದ್ರೂ ಸುಡಬಹುದು). ಒಡೆದ, ಪುಡಿಯಾದ ಥೋರಿಯಂ ಗಾಜನ್ನ ಮಾತ್ರ ಮುಟ್ಟೋಕೆ ಹೋಗ್ಬೇಡಿ.

ಟಾರ್ಚ್ ಆರಿಸಿದ ಮೇಲೆ ಅಂಕಿ ಓದೋದು. ಶಟರ್ ಉಂಗುರದಲ್ಲಿ (ಸೆಕೆಂಡಿನ ಎಷ್ಟನೇ ಒಂದು ಭಾಗ ಬೆಳಕು ಬಿಡಬೇಕು ಅನ್ನೋ ಅಂಕಿ) 1, 2, 5, 10, 25, 50, 100 ಅಂತಿದ್ರೆ ಹಳೇ ಸರಣಿ. 1, 2, 4, 8, 15, 30, 60, 125 ಅಂತಿದ್ರೆ 1950ರ ದಶಕದಲ್ಲಿ ರೂಢಿಗೆ ಬಂದ ಹೊಸ ಸರಣಿ, ಪ್ರತಿ ಹೆಜ್ಜೆಗೂ ಬೆಳಕು ಸರಿಯಾಗಿ ಅರ್ಧ ಆಗ್ಲಿ ಅಂತ ಬದಲಾಯಿಸಿದ್ದು. ಅಪರ್ಚರ್‌ನಲ್ಲೂ, ಅಂದ್ರೆ ಲೆನ್ಸಿನೊಳಗೆ ಬೆಳಕು ಬಿಡೋ ಕಿಂಡಿಯ ಅಂಕಿಯಲ್ಲೂ ಹಾಗೇ, 4.5, 6.3, 9, 12.5, 18 ಕಂಡ್ರೆ ಅದು ಯುರೋಪಿನ ಹಳೇ ಸರಣಿ. ಕೊಡಾಕ್‌ನವರ ಎಕ್ಟಾರ್ ಲೆನ್ಸಿನ ನಂಬರಿನ ಮುಂದೆ ಎರಡು ಅಕ್ಷರ ಇರತ್ತೆ, CAMEROSITY ಅನ್ನೋ ಪದದ ಹತ್ತು ಇಂಗ್ಲಿಷ್ ಅಕ್ಷರಕ್ಕೆ ಕ್ರಮವಾಗಿ 1ರಿಂದ 9, ಕೊನೇದಕ್ಕೆ 0, ಹಾಗಾಗಿ ಇ ಓ ಅಂತಿದ್ರೆ 46, ಅಂದ್ರೆ 1946. ನಿಕಾನ್‌ನವರ ಹಳೇ ನಿಕ್ಕೋರ್ ಲೆನ್ಸಿನ ಹೆಸರಿನ ಪಕ್ಕದ ಅಕ್ಷರ ಎಷ್ಟು ಗಾಜು ಅಂತ ಹೇಳತ್ತೆ, ಕ್ಯೂ ಅಂದ್ರೆ ನಾಲ್ಕು, ಪಿ ಐದು, ಹೆಚ್ ಆರು, ಎಸ್ ಏಳು. ಜಪಾನಿನ ಕ್ಯಾಮೆರಾ ಮೇಲೆ ಮೇಡ್ ಇನ್ ಆಕ್ಯುಪೈಡ್ ಜಪಾನ್ ಅಂತಿದ್ರೆ ಕಾಲದ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಅಮೆರಿಕ ನೇತೃತ್ವದ ಮಿತ್ರರಾಷ್ಟ್ರಗಳ ಆಳ್ವಿಕೆ ಮುಗಿದ 1952ಕ್ಕಿಂತ ಮುಂಚಿನದು.

ಹೆಸರಿಗೇ ಮೋಸ ಹೋಗೋದು ಜಾಸ್ತಿ ಲೈಕಾ ವಿಷಯದಲ್ಲಿ. ಜರ್ಮನಿಯ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂತು, 1934ರಿಂದ ಉಕ್ರೇನಿನ ಖಾರ್ಕಿವ್‌ನಲ್ಲಿ ಅದರ ನಕಲು ಫೆಡ್, ಯುದ್ಧ ಮುಗಿದ ಮೇಲೆ ಮಾಸ್ಕೋ ಹತ್ರ ಝೋರ್ಕಿ. ಅವು ತಮ್ಮ ಹೆಸರಲ್ಲೇ ಬಂದ ಪ್ರಾಮಾಣಿಕ ಕ್ಯಾಮೆರಾಗಳು, ನನಗೆ ಅವುಗಳ ಮೇಲೆ ಪ್ರೀತಿನೂ ಇದೆ. ಆಮೇಲೆ ಯಾರ್ಯಾರೋ ಅವುಗಳ ಹೆಸರು ಕೆರೆದು ಲೈಕಾ ಅಂತ ಕೆತ್ತಿ, ಒಲಿಂಪಿಕ್ ಉಂಗುರ, ಜರ್ಮನ್ ಸೇನೆಯ ಹದ್ದು ಎಲ್ಲಾ ಹಾಕಿ ಮಾರಿದ್ದಾರೆ, ಅದನ್ನ ಮಾತ್ರ ಕ್ಷಮಿಸೋಕಾಗಲ್ಲ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಗಡೆ ನೋಡಿ, ರೇಂಜ್‌ಫೈಂಡರಿಗೆ (ಫೋಕಸ್ ಆಯ್ತಾ ಅಂತ ತೋರಿಸೋ ಭಾಗ) ದೂರ ತಿಳಿಸೋ ಸಣ್ಣ ಕೈಯೊಂದು ಇರತ್ತೆ. ಅಸಲಿ ಲೈಕಾದಲ್ಲಿ ಅದರ ತುದೀಲಿ ತಿರುಗೋ ದುಂಡನೆ ಚಕ್ರ, ಫೆಡ್ ಝೋರ್ಕಿಗಳಲ್ಲಿ ಚಕ್ರ ಇಲ್ಲದ ಬೆಣೆಯಾಕಾರದ ತುಂಡು.

ಲೆನ್ಸು ತಿರುಗಿಸಿದ್ರೆ ಕೂತ್ಕೊಳ್ತು ಅಂದ ಮಾತ್ರಕ್ಕೆ ಅದೇ ಕ್ಯಾಮೆರಾದ್ದು ಅಂತಲೂ ಅಲ್ಲ. ರಷ್ಯಾದ ಝೆನಿಟ್ ಕ್ಯಾಮೆರಾಗಳಲ್ಲಿ ಮೊದಮೊದಲಿನವುಗಳ ಲೆನ್ಸಿಗೂ ಲೈಕಾ ಥರದ 39 ಮಿಲಿಮೀಟರ್ ಸ್ಕ್ರೂ ಮರೆಯೇ ಇರೋದು, ಆದ್ರೆ ಝೆನಿಟ್‌ನಲ್ಲಿ ಕನ್ನಡಿಗೆ ಜಾಗ ಬೇಕಾದ್ದರಿಂದ ಲೆನ್ಸು ಕೂರೋ ಜಾಗ ಫಿಲ್ಮಿಂದ ಸುಮಾರು 45 ಮಿಲಿಮೀಟರ್ ದೂರ, ಲೈಕಾದಲ್ಲಿ 28.8 ಮಾತ್ರ. ಝೆನಿಟ್ ಲೆನ್ಸನ್ನ ಲೈಕಾಗೆ ಹಾಕಿದ್ರೆ ಸಲೀಸಾಗಿ ಕೂರತ್ತೆ, ಆದ್ರೆ ಲೆನ್ಸು ಫಿಲ್ಮಿಗೆ ತೀರಾ ಹತ್ರ ಆಗೋದ್ರಿಂದ ಎಷ್ಟೇ ತಿರುಗಿಸಿದ್ರೂ ಫೋಕಸ್ ಸಿಗಲ್ಲ.

ನನ್ನ ಮಡಚೋ ಕ್ಯಾಮೆರಾಗೆ ಬಂದ್ರೆ, ಚುಕ್ಕೆಗಳೆಲ್ಲಾ ಬೆಳ್ಳಗಿದ್ವು, ಶಟರ್ ಜರ್ಮನಿಯ ಕೊಂಪುರ್, ಅದರಲ್ಲಿ 25, 50, 100ರ ಹಳೇ ಸರಣಿ, ಮೈಮೇಲೆ ಡಿ ಆರ್ ಪಿ ಅಂದ್ರೆ ಯುದ್ಧಕ್ಕಿಂತ ಮುಂಚಿನ ಜರ್ಮನ್ ಪೇಟೆಂಟಿನ ಗುರುತು. ಪದರ ಇಲ್ಲದ ಟೆಸ್ಸಾರ್ ಮಾದರಿ, ಜರ್ಮನಿಯದ್ದು, ಯುದ್ಧಕ್ಕಿಂತ ಮುಂಚಿನದು ಅಂತ ಚೀಟಿ ಬರೆದು ಕಟ್ಟಿದೆ. 1901ರಲ್ಲಿ ಶುರುವಾದ 120 ರೀಲು ಈಗಲೂ ತಯಾರಾಗ್ತಿದೆ, ಇದಕ್ಕೆ ಅದೇ ಹಿಡಿಸತ್ತೆ. ಒಂದು ರೀಲು ಹಾಕಿ, ಬಿಸಿಲು ಲೆನ್ಸಿಗೆ ಬೀಳದ ಹಾಗೆ ಎಡಗೈ ಅಡ್ಡ ಹಿಡಿದು ಎಂಟು ಫೋಟೋ ತೆಗೆದೆ, ಏಳು ಚೆನ್ನಾಗಿ ಬಂದ್ವು, ಕೈ ಮರೆತ ಆ ಒಂದರಲ್ಲಿ ಅರ್ಧ ಆಕಾಶ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು.