ತೊಟ್ಟಿಲು ತಿರುಗಿದರೆ ಸಾಲದು, ಜನ ತಿರುಗಿ ಬರಬೇಕು

ಜಾತ್ರೆಯಲ್ಲಿ ತೊಟ್ಟಿಲು ನಡೆಸುವವನು ಜನರನ್ನು ಸಿಕ್ಕಸಿಕ್ಕ ಹಾಗೆ ಕೂರಿಸುವುದಿಲ್ಲ. ಒಂದು ಬುಟ್ಟಿಗೆ ನಾಲ್ವರು ಹತ್ತಿದರೆ ಅರ್ಧ ಸುತ್ತು ತಿರುಗಿಸಿ, ಎದುರಿನ ಬುಟ್ಟಿಗೆ ನಾಲ್ವರನ್ನು ಹತ್ತಿಸುತ್ತಾನೆ. ತೂಕ ಸಮವಾಗದಿದ್ದರೆ ಚಕ್ರ ಸರಾಗವಾಗಿ ತಿರುಗುವುದಿಲ್ಲ. ಚಿಕ್ಕಂದಿನಲ್ಲಿ ಚನ್ನರಾಯಪಟ್ಟಣದ ಕಡೆಯ ದನಗಳ ಜಾತ್ರೆಗೆ ಅಜ್ಜನ ಜೊತೆ ಹೋಗುತ್ತಿದ್ದೆ. ಅಜ್ಜ ಹೋರಿಗಳ ಹಲ್ಲು ನೋಡುತ್ತಾ ನಿಂತರೆ ನಾನು ತೊಟ್ಟಿಲಿನ ತುದಿಯ ಬುಟ್ಟಿಯಲ್ಲಿ, ಕೆಳಗೆ ಜನ ಹತ್ತುವುದನ್ನು ಕಾಯುತ್ತಾ ಕೂತಿರುತ್ತಿದ್ದೆ. ಊರೆಲ್ಲ ಕಾಣುವ ಆ ಎರಡು ನಿಮಿಷವೇ ನನಗೆ ದೊಡ್ಡ ಸುಖ. ತೊಟ್ಟಿಲಿನವನಿಗೆ ಅದೇ ಎರಡು ನಿಮಿಷ ನಷ್ಟದ ಹೊತ್ತು ಎಂಬುದು ಬಹಳ ವರ್ಷದ ಮೇಲೆ ಗೊತ್ತಾಯಿತು.

ಅದು ನೆನಪಾದದ್ದು ಕಳೆದ ಡಿಸೆಂಬರಿನಲ್ಲಿ. ಮಗಳ ಶಾಲೆಯ ಪ್ರವಾಸದ ಬಸ್ಸು ಹಾಸನದಿಂದ ಬೆಳಗಿನ ಜಾವ ಮೂರೂವರೆಗೆ ಬೆಂಗಳೂರಿನ ಬಳಿಯ ಬಿಡದಿಯ ಆಟದ ಪಾರ್ಕಾದ ವಂಡರ್‌ಲಾಕ್ಕೆ ಹೊರಟಿತ್ತು. ಶಾಲು ಹೊದ್ದು ನಿಂತಿದ್ದ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಕೇಳಿದರು: "ಇಷ್ಟು ಚಳೀಲಿ ಮಕ್ಕಳನ್ನ ಅಷ್ಟು ದೂರ ಕಳಿಸೋ ಬದಲು ನಮ್ಮೂರಲ್ಲೇ ಒಂದು ಮಾಡಬಾರದಾ?" ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಹುಡುಕಲು ಹೊರಟರೆ, ಒಂದು ಆಟವನ್ನು ನಂಬಿ ಕೋಟಿಗಟ್ಟಲೆ ಹಣ ಹಾಕುವವರು ಏನು ಲೆಕ್ಕ ಹಾಕುತ್ತಾರೆ ಎಂಬಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಆ ಲೆಕ್ಕ ಶುರುವಿನಿಂದಲೂ ಒಂದೇ ಆಗಿರಲಿಲ್ಲ.

ಮೊದಲ ಕಾಲದ ಲೆಕ್ಕ ನಮ್ಮ ಜಾತ್ರೆಯದೇ. ನ್ಯೂಯಾರ್ಕ್ ಬಳಿಯ ಕೋನಿ ಐಲೆಂಡಿನ ಕಡಲ ತೀರದಲ್ಲಿ 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಏರಿಳಿತದ ಹಳಿಗಳ ಮೇಲೆ ಒಂದು ಗಾಡಿ ಓಡಿಸಿದ. ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ನಮ್ಮ ಸೈಕಲ್ಲಿಗಿಂತ ಕಡಿಮೆ. ಟಿಕೆಟ್ಟಿಗೆ 5 ಸೆಂಟು. ಹಾಗಿದ್ದೂ ಜನ ಮುಗಿಬಿದ್ದರು, ಹಾಕಿದ ದುಡ್ಡು ಬೇಗನೆ ಕೈಗೆ ಬಂತು. ಇಲ್ಲಿ ಪ್ರತಿ ಆಟವೂ ತನ್ನ ಅನ್ನ ತಾನೇ ದುಡಿಯಬೇಕು. ಹತ್ತುವವರಿದ್ದರೆ ಇಡು, ಇಲ್ಲದಿದ್ದರೆ ಕಿತ್ತುಕೊಂಡು ಹೋಗು.

ಒಂಬತ್ತು ವರ್ಷದ ನಂತರ ಷಿಕಾಗೋ ವಿಶ್ವಮೇಳದಲ್ಲಿ ಎದ್ದ ಚಕ್ರದ ಕತೆ ಇನ್ನೂ ಪಾಠದಂತಿದೆ. ಜಾರ್ಜ್ ಫೆರಿಸ್ ಕಟ್ಟಿದ ಅದರ ಎತ್ತರ 264 ಅಡಿ. ಬೋಗಿಗಳು 36, ಒಂದೊಂದರಲ್ಲಿ 60 ಜನ. ಒಮ್ಮೆಗೆ 2,160 ಮಂದಿ! ತಿರುಗಲು ಶುರುವಾದ ಮೇಲೆ ಮೇಳ ಮುಗಿಯುವವರೆಗೂ ಅದಕ್ಕೆ ಬಿಡುವಿರಲಿಲ್ಲ. ಮೇಳ ಮುಗಿದ ಮೇಲೆ ಅದೇ ಊರಿನ ಇನ್ನೊಂದು ಬಡಾವಣೆಗೆ ಒಯ್ದು ನಿಲ್ಲಿಸಿದರು, ಸಾಲ ಬೆಳೆಯಿತು. 1904ರಲ್ಲಿ ಸೇಂಟ್ ಲೂಯಿಸ್ ಮೇಳಕ್ಕೆ ಒಯ್ದರು, 1906ರಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಅದೇ ಚಕ್ರ, ಅದೇ ಉಕ್ಕು, ಅದೇ ನೋಟ. ಬದಲಾದದ್ದು ಸುತ್ತ ಸೇರುವ ಜನ ಮಾತ್ರ.

ಜನರನ್ನು ಮೊದಲು ಎಣಿಸಿ ಆಮೇಲೆ ಆಟ ಕಟ್ಟುವ ಪದ್ಧತಿಗೆ ಗಟ್ಟಿ ರೂಪ ಕೊಟ್ಟವನು ಹ್ಯಾರಿಸನ್ ಪ್ರೈಸ್. ಡಿಸ್ನಿಲ್ಯಾಂಡ್ ಎಲ್ಲಿ ಕಟ್ಟಬೇಕೆಂದು 1953ರಲ್ಲಿ ವಾಲ್ಟ್ ಡಿಸ್ನಿಗೆ ಲೆಕ್ಕ ಹಾಕಿಕೊಟ್ಟವನು ಇವನೇ. ಇಂಥ ಲೆಕ್ಕದ ನಡುವೆ ಒಂದು ಸರಳ ಪ್ರಶ್ನೆ ಇದೆ. ಪಾರ್ಕನ್ನು ಯಾವ ದಿನದ ಜನಸಂದಣಿಗೆ ಕಟ್ಟಬೇಕು? ವರ್ಷದ ಅತಿ ದೊಡ್ಡ ದಿನಕ್ಕೆ ಕಟ್ಟಿದರೆ ಉಳಿದ ದಿನಗಳಲ್ಲಿ ಆಟಗಳು ಖಾಲಿ ತಿರುಗುತ್ತವೆ. ಸಾಧಾರಣ ದಿನಕ್ಕೆ ಕಟ್ಟಿದರೆ ರಜಾ ದಿನ ಬಂದವರು ಸಾಲಿನಲ್ಲೇ ಸಂಜೆ ಮಾಡಿ, ಬೈದುಕೊಂಡು ಹೋಗುತ್ತಾರೆ. ಆದ್ದರಿಂದ ಜನ ತುಂಬುವ ಹತ್ತಿಪ್ಪತ್ತು ದಿನಗಳ ಸರಾಸರಿಯನ್ನು ಹಿಡಿದು ಕಟ್ಟುತ್ತಾರೆ. ಹಾಸನದವರಿಗೆ ಇದನ್ನು ವಿವರಿಸಬೇಕಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ನಮ್ಮ ಬೀದಿ ಹೇಗಿರುತ್ತದೆ, ಬಾಗಿಲು ಮುಚ್ಚಿದ ವಾರಕ್ಕೆ ಹೇಗಿರುತ್ತದೆ ಎಂದು ನೆನೆಸಿಕೊಂಡರೆ ಸಾಕು.

1955ರಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡಿನಲ್ಲೂ ಮೊದಮೊದಲು ಆಟಕ್ಕೊಂದು ಟಿಕೆಟ್ಟೇ. ಅದೇ ವರ್ಷ ಎ, ಬಿ, ಸಿ ಎಂದು ದರ್ಜೆ ಮಾಡಿ ಟಿಕೆಟ್ ಪುಸ್ತಕ ತಂದರು. 1959ರಲ್ಲಿ ಮ್ಯಾಟರ್‌ಹಾರ್ನ್ ಎಂಬ ಬೆಟ್ಟದ ಕೋಸ್ಟರ್ (ಹಳಿಗಳ ಮೇಲೆ ಏರಿಳಿದು ಓಡುವ ಗಾಡಿ) ಬಂದಾಗ ಎಲ್ಲಕ್ಕಿಂತ ದುಬಾರಿಯ ಇ ಟಿಕೆಟ್ ಬಂತು. ಯಾವ ಟಿಕೆಟ್ ಎಷ್ಟು ಹರಿಯಿತು ಎಂದು ನೋಡಿದರೆ ಯಾವ ಆಟ ಜನಕ್ಕೆ ಹಿಡಿಸಿದೆ ಎಂದು ಆವತ್ತಿನ ಸಂಜೆಯೇ ತಿಳಿಯುತ್ತಿತ್ತು. 1961ರಲ್ಲಿ ತೆರೆದ ಟೆಕ್ಸಾಸಿನ ಸಿಕ್ಸ್ ಫ್ಲಾಗ್ಸ್ ಪಾರ್ಕ್ ಬಾಗಿಲಲ್ಲೇ ಒಂದು ದರ ತೆಗೆದುಕೊಂಡು ಒಳಗೆ ಎಷ್ಟು ಬೇಕಾದರೂ ಆಡಿ ಎಂದಿತು. ಡಿಸ್ನಿಲ್ಯಾಂಡ್ ಕೂಡ 1982ರಲ್ಲಿ ಪುಸ್ತಕ ಬಿಟ್ಟು ಇದೇ ದಾರಿಗೆ ಬಂತು.

ಇಲ್ಲಿ ಲೆಕ್ಕ ತಲೆಕೆಳಗಾಯಿತು. ಒಂದೇ ಟಿಕೆಟ್ ಎಂದ ಮೇಲೆ ಹೊಸ ಆಟಕ್ಕೆ ಅದರದೇ ಗಲ್ಲಾ ಇಲ್ಲ. ಅದು ಗಳಿಸಿದ್ದೆಷ್ಟು ಎಂದು ಕೇಳಿದರೆ ಉತ್ತರವೇ ಇರುವುದಿಲ್ಲ. ಬದಲಿಗೆ ಕೇಳಬೇಕಾದದ್ದು ಬೇರೆ. ಇದು ಇಲ್ಲದಿದ್ದರೆ ಬರದೇ ಇರುತ್ತಿದ್ದ ಎಷ್ಟು ಜನ ಬಂದರು? ಹೋದ ವರ್ಷ ಬಂದವರು ಈ ವರ್ಷವೂ ಬಂದರೇ? ಬೇರೆ ಆಟಗಳ ಮುಂದಿನ ಸಾಲು ಕರಗಿತೇ? ಈ ಮೂರನೆಯದನ್ನು ಹೊರಗಿನವರು ಗಮನಿಸುವುದೇ ಕಡಿಮೆ. ನನಗಂತೂ ಇದೇ ಎಲ್ಲದರ ಬುಡ ಅನಿಸುತ್ತದೆ.

ಲೆಕ್ಕಕ್ಕೆಂದು ಒಂದು ಆಟ ಹಿಡಿಯೋಣ. 24 ಸೀಟು, ಆಟ ಎರಡು ನಿಮಿಷ, ಇಳಿಸಿ ಹತ್ತಿಸಿ ಪಟ್ಟಿ ಬಿಗಿದು ನೋಡಲು ಮೂರು ನಿಮಿಷ. ಗಂಟೆಗೆ 12 ಸುತ್ತು, 288 ಜನ. ಹತ್ತಿಸುವ ಹೊತ್ತಿನಲ್ಲಿ ಒಂದೇ ನಿಮಿಷ ಉಳಿದರೆ 15 ಸುತ್ತು, 360 ಜನ. ಆಟದ ವೇಗ ಒಂದಿಷ್ಟೂ ಹೆಚ್ಚಲಿಲ್ಲ, ಗಂಟೆಗೆ 72 ಮಂದಿ ಸಾಲಿನಿಂದ ಹೊರಬಂದರು. ಹಾಗೆಂದು ಪಟ್ಟಿ ನೋಡುವ ಹುಡುಗನನ್ನು ಅವಸರ ಮಾಡಿಸುವಂತಿಲ್ಲ. ಆ ನಿಮಿಷ ಉಳಿಯಬೇಕಾದದ್ದು ಹತ್ತುವ ಬಾಗಿಲು ಬೇರೆ, ಇಳಿಯುವ ಬಾಗಿಲು ಬೇರೆ ಮಾಡಿ, ಚೀಲ ಚಪ್ಪಲಿ ಇಡಲು ಜಾಗ ಕೊಟ್ಟು. ಬಿಡದಿಯ ವಂಡರ್‌ಲಾದ ರೀಕಾಯಿಲ್‌ನಂತೆ ಮುಂದೆ ಹೋಗಿ ಅದೇ ಹಳಿಯಲ್ಲಿ ಹಿಂದಕ್ಕೆ ಬರುವ ಕೋಸ್ಟರಿಗೆ ಇನ್ನೊಂದು ಕಟ್ಟುಪಾಡಿದೆ: ಹಳಿಯ ಮೇಲೆ ಒಮ್ಮೆಗೆ ಒಂದೇ ಗಾಡಿ. ಆ ಗಾಡಿ ನಿಂತಷ್ಟು ಹೊತ್ತು ಸಾಲೂ ನಿಂತಿರುತ್ತದೆ. ಅದೇ ಅಲೆಗಳ ಕೊಳವನ್ನು ನೋಡಿ. ನೂರಾರು ಜನ ಒಟ್ಟಿಗೆ ಇಳಿಯುತ್ತಾರೆ, ಸಾಲಿಲ್ಲ, ಅಜ್ಜಿಯೂ ದಡದಲ್ಲಿ ಕಾಲು ನೆನೆಸಿ ಕೂರಬಹುದು. ನಮ್ಮ ದೇಶದ ಪಾರ್ಕುಗಳು ನೀರಿನಾಟಗಳನ್ನು ಅಷ್ಟು ನೆಚ್ಚಿಕೊಂಡಿರುವುದಕ್ಕೆ ಬಿಸಿಲೊಂದೇ ಕಾರಣವಲ್ಲ.

ಎತ್ತರಕ್ಕೆ ಎತ್ತರ ಪೈಪೋಟಿ ನಡೆದ ಕಾಲವೂ ಒಂದಿತ್ತು. ಅಮೆರಿಕದ ಸೀಡರ್ ಪಾಯಿಂಟ್ ಪಾರ್ಕ್ 1989ರಲ್ಲಿ 200 ಅಡಿ ದಾಟಿದ ಕೋಸ್ಟರ್ ಕಟ್ಟಿತು. 2005ರಲ್ಲಿ ನ್ಯೂಜೆರ್ಸಿಯ ಕಿಂಗ್‌ಡಾ ಕಾ ಎಂಬ ಕೋಸ್ಟರ್ 456 ಅಡಿಗೆ ಏರಿತು. ಪತ್ರಿಕೆಗಳಲ್ಲಿ ಹೆಸರು ಬಂತು, ದೂರದಿಂದ ಜನ ಬಂದರು. ಆದರೆ ಗಾಡಿಯನ್ನು ಚಿಮ್ಮಿಸುವ ಅದರ ಯಂತ್ರ ಪದೇಪದೇ ಕೆಟ್ಟು ನಿಲ್ಲುತ್ತಿತ್ತು. 2025ರ ಫೆಬ್ರವರಿಯಲ್ಲಿ ಅದನ್ನೂ ಸ್ಫೋಟಿಸಿ ನೆಲಕ್ಕೆ ಕೆಡವಿದರು. ಕೆಟ್ಟು ನಿಂತ ಆಟ ಇಲ್ಲದ ಆಟಕ್ಕಿಂತ ಕೆಟ್ಟದ್ದು. ಅದನ್ನೇ ನಂಬಿ ಬಂದ ಮಗುವಿನ ಮುಖ ಒಮ್ಮೆ ನೋಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಭಾರತಕ್ಕೆ ಈ ವ್ಯವಹಾರ ಬಂದದ್ದು ತಡವಾಗಿ. ದೆಹಲಿಯ ಅಪ್ಪು ಘರ್ 1984ರಲ್ಲಿ ತೆರೆಯಿತು, 2008ರಲ್ಲಿ ಜಾಗ ಬಿಟ್ಟುಕೊಟ್ಟು ಮುಚ್ಚಿತು. ಮುಂಬೈಗೆ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂತು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಶುರುಮಾಡಿದವರೇ 2005ರಲ್ಲಿ ಬಿಡದಿಯ ವಂಡರ್‌ಲಾ ಕಟ್ಟಿದರು. ಅವರು ಎಲ್ಲವನ್ನೂ ಹೊರದೇಶದಿಂದ ತರಿಸದೆ ಹಲವು ಆಟಗಳನ್ನು ತಮ್ಮ ಕಾರ್ಖಾನೆಯಲ್ಲೇ ಮಾಡಿಕೊಂಡರು. ಬಿಡಿಭಾಗಕ್ಕೆ ಹಡಗು ಕಾಯುವುದು ತಪ್ಪಿದರೆ ಅದೂ ಉಳಿತಾಯವೇ. 2017ರಲ್ಲಿ ಜಿಎಸ್‌ಟಿ ಬಂದಾಗ ಪಾರ್ಕಿನ ಟಿಕೆಟ್ಟಿಗೆ ಶೇ 28 ಬಿತ್ತು, 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಯಿತು. ನಾಲ್ಕು ಜನರ ಮನೆಗೆ ಇದು ಚಿಕ್ಕ ವ್ಯತ್ಯಾಸವಲ್ಲ.

ಈಗ ಆ ಚಳಿಯ ಬೆಳಗಿನ ಪ್ರಶ್ನೆಗೆ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನ ಸುಮಾರು 17.8 ಲಕ್ಷ, ಚಿಕ್ಕಮಗಳೂರಿನವರು 11.4 ಲಕ್ಷ. ಎರಡೂ ಸೇರಿ 30 ಲಕ್ಷ ಆಗಲಿಲ್ಲ, ಅದೂ ಹಳ್ಳಿ ತೋಟಗಳಲ್ಲಿ ಹರಡಿದವರು. ಬೆಂಗಳೂರು ನಗರ ಜಿಲ್ಲೆಯೊಂದೇ 96 ಲಕ್ಷ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಜೂನಿನಿಂದ ಮಳೆ ಹಿಡಿದರೆ ಬಯಲಿನ ಆಟ ನಡೆಸುವುದು ಕಷ್ಟ. ಆದರೆ ಬ್ಯಾಂಕಿನ ಕಂತು ಮಳೆ ನೋಡಿ ನಿಲ್ಲುವುದಿಲ್ಲ. ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರು ಬಹಳ ಎನ್ನುವಿರಿ, ನಿಜ. ಅವರು ಬರುವುದು ಮುಳ್ಳಯ್ಯನಗಿರಿಯ ಸುಮಾರು 1,930 ಮೀಟರ್ ಎತ್ತರಕ್ಕೆ, ಮಂಜಿಗೆ, ಕಾಫಿ ಹೂವಿನ ಘಮಕ್ಕೆ. ಅಂಥವರಿಗೆ ಹೋಮ್‌ಸ್ಟೇಯವರು ತೋಟದ ಅಂಚಿಗೆ, ತಂತಿಗೆ ತೂಗಿಕೊಂಡು ಕಣಿವೆ ದಾಟುವ ಒಂದು ಜಿಪ್‌ಲೈನ್ ಹಾಕಿದರೆ ಸಾಕಾಗುತ್ತದೆ. ಕಣಿವೆ ಆಗಲೇ ಅಲ್ಲಿದೆ, ಕಟ್ಟಬೇಕಾಗಿಲ್ಲ. ಲೆಕ್ಕಕ್ಕೆ ಹೊಂದುವ ಹೂಡಿಕೆ ಅದೇ. ಆ ತಂತಿ, ಕೊಕ್ಕೆಗಳನ್ನು ಯಾರು ಯಾವಾಗ ಪರೀಕ್ಷಿಸಿದರು ಎಂದು ಹತ್ತುವ ಮೊದಲು ಕೇಳಿ ಎಂದಷ್ಟೇ ನನ್ನ ಕೋರಿಕೆ.

ನಮ್ಮಲ್ಲಿ ಜನ ಒಂದೇ ಕಡೆ ಸೇರುವುದಿಲ್ಲ, ದಿನಕ್ಕೊಂದು ಕಡೆ ಸೇರುತ್ತಾರೆ. ಜನವರಿಯಲ್ಲಿ ಬೂಕನಬೆಟ್ಟದ ದನಗಳ ಜಾತ್ರೆ, ಚೈತ್ರದಲ್ಲಿ ಬೇಲೂರಿನ ತೇರು, ದೀಪಾವಳಿಗೆ ಹಾಸನಾಂಬೆ. ಆದ್ದರಿಂದಲೇ ಇಲ್ಲಿ ತೊಟ್ಟಿಲೂ ಕೊಲಂಬಸ್ಸೂ ಲಾರಿ ಹತ್ತಿ ಜನರ ಹಿಂದೆ ಹೋಗುತ್ತವೆ. ದೊಡ್ಡ ಪಾರ್ಕಿಗೆ ಹಾಕುವ ಆಸೆಯ ಒಂದು ಪಾಲನ್ನು ಜಾತ್ರೆಯ ಮೈದಾನಕ್ಕೆ ಹಾಕಬೇಕೆಂದು ನನ್ನ ಅಭಿಪ್ರಾಯ: ಮಟ್ಟ ಮಾಡಿದ ನೆಲ, ಸರಿಯಾದ ವಿದ್ಯುತ್ ಸಂಪರ್ಕ, ಹಗಲಿನಲ್ಲೇ ಬಂದು ಪಿನ್ನು, ಬೋಲ್ಟು, ವೆಲ್ಡಿಂಗು ನೋಡಿ ಸಹಿ ಹಾಕುವ ಇಂಜಿನಿಯರು. ಪ್ರತಿ ಸಲ ಬಿಚ್ಚಿ ಜೋಡಿಸುವ ಚಕ್ರಕ್ಕೆ ಆ ಸಹಿ ಪ್ರತಿ ಸಲವೂ ಹೊಸದಾಗಿ ಬೀಳಬೇಕು.