ಒಂದೂವರೆ ಕೋಟಿ ಮಾರಾಟವಾದ ಫೋರ್ಡ್ 'ಟಿ' ಕಾರನ್ನು ನಿಲ್ಲಿಸಿದ್ದು ಯಾಕೆ?

ಓದುಗರ ಪ್ರಶ್ನೆ: ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಒಂದೂವರೆ ಕೋಟಿ ಮಾರಾಟವಾಯಿತು ಅಂತಾರೆ. ಅಷ್ಟು ಜನ ಮೆಚ್ಚಿದ ಕಾರನ್ನು 1927ರಲ್ಲಿ ಯಾಕೆ ನಿಲ್ಲಿಸಿಬಿಟ್ಟರು? ಹಾಗೇ ಮಾಡ್ತಾ ಹೋಗಬಹುದಿತ್ತು ಅಲ್ವಾ?

ಉತ್ತರ: ಹಾಗೇ ಮಾಡ್ತಾ ಹೋಗಬೇಕು ಅಂತಲೇ ಹೆನ್ರಿ ಫೋರ್ಡ್ ಹಟ ಹಿಡಿದಿದ್ದರು. ಕೊಳ್ಳುವವರು ಕಡಿಮೆಯಾದರು, ಅದಕ್ಕೇ ನಿಲ್ಲಿಸಬೇಕಾಯಿತು. ಯಾಕೆ ಕಡಿಮೆಯಾದರು ಅಂತ ತಿಳಿಯಬೇಕಾದರೆ ಆ ಕಾರನ್ನು ದಿನಾ ಓಡಿಸಿದವರ ಪಾಡು ಸ್ವಲ್ಪ ನೋಡಬೇಕು. ಅಲ್ಲಿಂದಲೇ ಶುರು ಮಾಡೋಣ.

1915ರ ಸುಮಾರಿಗೆ ಅಮೆರಿಕದ ಮಿಷಿಗನ್ ರಾಜ್ಯದ ಯಾವುದೋ ಹಳ್ಳಿ. ಚಳಿಗಾಲದ ಬೆಳಗ್ಗೆ. ಮನೆಯವರೆಲ್ಲ ಪೇಟೆಗೆ ಹೊರಟಿದ್ದಾರೆ. ಯಜಮಾನ ಮೊದಲು ಮುಂದಿನ ಸೀಟಿನ ಮೆತ್ತೆ ಎತ್ತುತ್ತಾನೆ. ಪೆಟ್ರೋಲ್ ಟ್ಯಾಂಕ್ ಇರುವುದು ಅದರ ಕೆಳಗೆ. ಎಷ್ಟಿದೆ ಅಂತ ತೋರಿಸುವ ಮುಳ್ಳು ಇಲ್ಲ. ಮುಚ್ಚಳ ತೆಗೆದು ಒಂದು ಕಡ್ಡಿ ಇಳಿಬಿಟ್ಟು ನೋಡಬೇಕು. ಆಮೇಲೆ ಸ್ಟಿಯರಿಂಗ್ ಕೆಳಗಿರುವ ಎರಡು ಸಣ್ಣ ಸಲಾಕೆಗಳನ್ನು ಹೊಂದಿಸಬೇಕು. ಬಲಗಡೆಯದು ಎಂಜಿನ್ ವೇಗಕ್ಕೆ. ಎಡಗಡೆಯದು ಕಿಡಿ ಯಾವಾಗ ಹಾರಬೇಕು ಅನ್ನುವುದಕ್ಕೆ. ಹ್ಯಾಂಡ್ ಬ್ರೇಕ್ ಎಳೆದು, ಕಾರಿನ ಮುಂದೆ ಹೋಗಿ ಹ್ಯಾಂಡಲ್ ಹೊಡೆಯಬೇಕು.

ಹಳೇ ಲಾರಿಗಳಿಗೆ ಹ್ಯಾಂಡಲ್ ಹೊಡೆದದ್ದನ್ನು ನಮ್ಮ ಹಿರಿಯರು ಕೆಲವರು ಕಂಡಿರುತ್ತಾರೆ. ಕೇಳಿ ನೋಡಿ, ಅದು ಸುಲಭದ ಕೆಲಸ ಅಲ್ಲ. ಕಿಡಿಯ ಸಲಾಕೆಯನ್ನು ಸರಿಯಾಗಿ ಹಿಂದಕ್ಕೆ ಇಡದಿದ್ದರೆ ಎಂಜಿನ್ ಹ್ಯಾಂಡಲನ್ನು ತಿರುಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡ, ಉಳಿದ ಬೆರಳುಗಳ ಜೊತೆಗೇ ಇಟ್ಟುಕೋ, ಎಡಗೈಯಲ್ಲೇ ಎಳೆ ಅಂತ ತಿಳಿದವರು ಹೇಳಿಕೊಡುತ್ತಿದ್ದರು. ಚಳಿಗೆ ಎಣ್ಣೆ ಗಟ್ಟಿಯಾಗಿರುತ್ತಿತ್ತು. ನ್ಯೂಟ್ರಲ್‌ನಲ್ಲಿದ್ದರೂ ಎಂಜಿನ್ ಹತ್ತಿದ ಕೂಡಲೇ ಕಾರು ಮೆಲ್ಲಗೆ ಮುಂದಕ್ಕೆ ಸರಿಯುತ್ತಿತ್ತು, ಮುಂದೆ ನಿಂತವನ ಮೈಮೇಲೇ! ಹಾಗಾಗಿ ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ನೆಲದಿಂದ ಎತ್ತಿ, ಆಮೇಲೆ ಹ್ಯಾಂಡಲ್ ಹೊಡೆಯುವುದು ಬಹಳ ಮನೆಗಳಲ್ಲಿ ರೂಢಿಯಾಗಿತ್ತು.

ಓಡಿಸುವುದೂ ಇವತ್ತಿನ ಹಾಗಲ್ಲ. ಕಾಲ ಬಳಿ ಮೂರು ಪೆಡಲ್ ಇದ್ದವು. ಎಡಗಡೆಯದನ್ನು ಪೂರ್ತಿ ಒತ್ತಿದರೆ ಮೊದಲ ಗೇರು, ಅರ್ಧ ಒತ್ತಿದರೆ ನ್ಯೂಟ್ರಲ್. ಹ್ಯಾಂಡ್ ಬ್ರೇಕ್ ಸಲಾಕೆಯನ್ನು ಮುಂದಕ್ಕೆ ತಳ್ಳಿ ಕಾಲು ತೆಗೆದರೆ ಎರಡನೇ ಗೇರು. ಇದ್ದದ್ದೇ ಆ ಎರಡು ಗೇರು. ನಡುವಿನ ಪೆಡಲ್ ರಿವರ್ಸ್, ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕೈಯಲ್ಲಿ! ಉದ್ದನೆಯ ಏರು ಬಂದರೆ ಎಡಗಾಲನ್ನು ಒತ್ತಿದ್ದು ಒತ್ತಿದ ಹಾಗೇ ಹಿಡಿದಿರಬೇಕು. ತೊಡೆ ನೋವು ಬರುತ್ತಿತ್ತು.

ಏರಿನಲ್ಲಿ ಇನ್ನೊಂದು ಫಜೀತಿ ಇತ್ತು. ಪೆಟ್ರೋಲ್ ಎಂಜಿನ್‌ಗೆ ಹರಿಯಲು ಪಂಪ್ ಇರಲಿಲ್ಲ. ನಮ್ಮ ಮನೆ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವ ಹಾಗೆ, ಎತ್ತರದಿಂದ ತಗ್ಗಿಗೆ ತಾನಾಗಿ ಇಳಿಯಬೇಕು. ಕಡಿದಾದ ಏರಿನಲ್ಲಿ ಕಾರಿನ ಮೂತಿ ಮೇಲಾದರೆ, ಟ್ಯಾಂಕಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ, ಎಂಜಿನ್‌ಗೆ ಪೆಟ್ರೋಲೇ ಸಿಗುತ್ತಿರಲಿಲ್ಲ. ಆಗ ಏನು ಮಾಡುತ್ತಿದ್ದರು ಗೊತ್ತಾ? ಕಾರನ್ನು ತಿರುಗಿಸಿ, ರಿವರ್ಸ್‌ನಲ್ಲೇ ಗುಡ್ಡ ಹತ್ತಿಸುತ್ತಿದ್ದರು. ರಿವರ್ಸ್ ಗೇರಿಗೆ ಎಳೆತವೂ ಜಾಸ್ತಿ ಇತ್ತು.

ಇಷ್ಟೆಲ್ಲ ಕಷ್ಟ ಇದ್ದೂ ಜನ ಆ ಕಾರನ್ನು ಪ್ರೀತಿಸಿದರು. ಅದು ನಿಜವಾದ ಪ್ರೀತಿ. 'ಟಿನ್ ಲಿಜ್ಜಿ' ಅಂತ ಅಡ್ಡಹೆಸರಿಟ್ಟು ಮನೆಯ ಹಸುವನ್ನು ಕರೆದ ಹಾಗೆ ಕರೆದರು. ಅದಕ್ಕೂ ಕಾರಣ ಇತ್ತು.

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರಲ್ಲಿ, ಡಿಯರ್‌ಬಾರ್ನ್ ಹತ್ತಿರದ ರೈತರ ಮನೆಯಲ್ಲಿ. ಹಳ್ಳಿ ರಸ್ತೆಯ ಕೆಸರು ಎಂಥದ್ದು ಅಂತ ಕಾಲಿಗೆ ಮೆತ್ತಿಸಿಕೊಂಡು ತಿಳಿದವರು. 1903ರಲ್ಲಿ ಕಂಪನಿ ಕಟ್ಟುವ ಮೊದಲೇ ಎರಡು ಸಲ ಕಾರಿನ ಉದ್ಯಮಕ್ಕೆ ಕೈಹಾಕಿ ಹೊರಬಂದಿದ್ದರು. ಅವರು ಬಿಟ್ಟುಬಂದ ಎರಡನೇ ಕಂಪನಿಯೇ ಮುಂದೆ ಕ್ಯಾಡಿಲಾಕ್ ಆಯಿತು. 1908ರ ಅಕ್ಟೋಬರ್‌ನಲ್ಲಿ ಬಂದ ಟಿ ಕಾರಿಗೆ ನಾಲ್ಕು ಸಿಲಿಂಡರ್, 2.9 ಲೀಟರ್‌ನ ಎಂಜಿನ್, ಬರೀ 20 ಅಶ್ವಶಕ್ತಿ. ಆದರೆ ನೆಲದಿಂದ ಎತ್ತರವಾಗಿತ್ತು. ಹಗುರವಾಗಿತ್ತು. ವನೇಡಿಯಂ ಅನ್ನುವ ಲೋಹ ಬೆರೆಸಿದ ಉಕ್ಕಿನಿಂದ ಮಾಡಿದ್ದರಿಂದ ಗಟ್ಟಿಯಾಗಿತ್ತು. ಗುಂಡಿಗೆ ಬಿದ್ದರೆ ಚಾಸಿ, ಅಂದರೆ ಕಾರಿನ ಅಡಿಯ ಚೌಕಟ್ಟು, ಮುರಿಯದೆ ಬಳುಕುತ್ತಿತ್ತು. ಗಾಡಿಯ ಜಾಡಿನಲ್ಲಿ, ಕೊಚ್ಚೆಯಲ್ಲಿ, ದುಬಾರಿ ಕಾರುಗಳು ಹೂತು ನಿಂತ ಕಡೆ ಇದು ದಾಟಿಕೊಂಡು ಹೋಗುತ್ತಿತ್ತು.

ಕೆಟ್ಟರೆ ಮನೆಯಲ್ಲೇ ರಿಪೇರಿ. ಸ್ಪ್ಯಾನರ್, ಸುತ್ತಿಗೆ, ಒಂದಿಷ್ಟು ತಂತಿ ಇದ್ದರೆ ಅರ್ಧ ಕೆಲಸ ಆಗುತ್ತಿತ್ತು. ರೈತರು ಇನ್ನೂ ಮುಂದೆ ಹೋದರು. ಹಿಂದಿನ ಚಕ್ರ ಎತ್ತಿ ಅದಕ್ಕೆ ಬೆಲ್ಟ್ ಹಾಕಿ ಸೌದೆ ಕೊಯ್ದರು, ನೀರು ಎತ್ತಿದರು, ಕಾಳು ಬಡಿದರು. ಟಿ ಕಾರನ್ನು ಟ್ರ್ಯಾಕ್ಟರ್ ಮಾಡಿಕೊಳ್ಳುವ ಸಾಮಾನಿನ ಸೆಟ್ಟುಗಳೇ ಮಾರಾಟಕ್ಕಿದ್ದವು. ಅಮೆರಿಕದ ಜಾರ್ಜಿಯಾ ರಾಜ್ಯದ ರೈತ ಮಹಿಳೆಯೊಬ್ಬರು 1918ರಲ್ಲಿ ಹೆನ್ರಿ ಫೋರ್ಡ್‌ಗೆ ಕಾಗದ ಬರೆದರು. ನಿಮ್ಮ ಕಾರು ನಮ್ಮನ್ನು ಕೆಸರಿನಿಂದ ಮೇಲೆತ್ತಿತು, ಬದುಕಿಗೆ ಸಂತೋಷ ತಂತು ಅನ್ನುವುದು ಅದರ ಸಾರ. ಊರಿನಿಂದ ದೂರದ ತೋಟದ ಮನೆಯಲ್ಲಿ ವಾರಗಟ್ಟಲೆ ಹೊಸ ಮುಖ ಕಾಣದೆ ಕಳೆದ ಹೆಂಗಸಿನ ಮಾತು ಅದು. ನನಗಂತೂ ಫೋರ್ಡ್ ಇತಿಹಾಸದಲ್ಲಿ ಯಾವ ಅಂಕಿ ಅಂಶಕ್ಕಿಂತ ಈ ಕಾಗದ ದೊಡ್ಡದು ಅನ್ನಿಸುತ್ತದೆ.

ಬೆಲೆಯ ಮಾತೂ ಇದೆ. 1908ರಲ್ಲಿ ಐದು ಜನ ಕೂರುವ ಟಿ ಕಾರಿಗೆ 850 ಡಾಲರ್. ಮಾಮೂಲಿ ಕೂಲಿಗಾರನಿಗೆ ಎಟುಕುವಂತಿರಲಿಲ್ಲ. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಬಂತು. ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ, ಕಾರು ಅವನ ಮುಂದೆ ಬರುತ್ತದೆ. ಮೊದಲು ಒಂದು ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. 1914ರ ಹೊತ್ತಿಗೆ 93 ನಿಮಿಷ ಸಾಕಾಯಿತು. ದಿನವಿಡೀ ಒಂದೇ ಬೋಲ್ಟ್ ತಿರುಗಿಸುವ ಕೆಲಸ ಬೇಸರವಾಗಿ ಜನ ಬಿಟ್ಟು ಹೋಗತೊಡಗಿದರು. ಆಗ, 1914ರ ಜನವರಿಯಲ್ಲಿ, ದಿನಕ್ಕೆ 5 ಡಾಲರ್ ಸಂಬಳ ಅಂತ ಫೋರ್ಡ್ ಘೋಷಿಸಿದರು. ಅದಕ್ಕೆ ಷರತ್ತುಗಳೂ ಇದ್ದವು. ಕೆಲಸಗಾರರ ಮನೆಗೇ ಹೋಗಿ ಹೇಗೆ ಬಾಳುತ್ತಿದ್ದಾರೆ ಅಂತ ಕಂಪನಿಯವರು ನೋಡುತ್ತಿದ್ದರು. ಅದು ನನಗೆ ಸರಿಕಾಣುವುದಿಲ್ಲ. ಆದರೆ ಲೆಕ್ಕ ನೋಡಿ: 1916ರಲ್ಲಿ ಅದೇ ಐದು ಸೀಟಿನ ಕಾರಿಗೆ 360 ಡಾಲರ್. ಅಂದರೆ 72 ದಿನದ ಕೂಲಿ. ಕಾರು ಮಾಡುವವನೇ ಕಾರು ಕೊಳ್ಳಬಹುದಾಯಿತು. 1923ರಲ್ಲಿ ಒಂದೇ ವರ್ಷಕ್ಕೆ 18 ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು.

ಕಪ್ಪು ಬಣ್ಣದ ವಿಷಯ ಬಹಳ ಜನ ಕೇಳುತ್ತಾರೆ, ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವರ್ಷಗಳಲ್ಲಿ ಟಿ ಕಾರು ಕೆಂಪು, ಹಸಿರು, ಬೂದು ಬಣ್ಣಗಳಲ್ಲಿ ಸಿಗುತ್ತಿತ್ತು. ಕಪ್ಪು ಮಾತ್ರ ಆದದ್ದು 1914ರಿಂದ 1925ರ ತನಕ. ಆ ಬಣ್ಣ ಅಗ್ಗ, ಬಾಳಿಕೆ ಬರುತ್ತಿತ್ತು. ಜೋಡಣೆ ಸಾಲಿಗೆ ಒಂದೇ ಬಣ್ಣ ಇದ್ದರೆ ಕೆಲಸ ಸರಾಗ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಟಿ ಕಾರು ಮಾಡಿದ್ದು ಅದುವರೆಗೆ ಕಾರೇ ಇಲ್ಲದವನಿಗಾಗಿ. ಕುದುರೆ ಗಾಡಿಯಿಂದ ಇಳಿದು ಬಂದವನಿಗೆ ಹ್ಯಾಂಡಲ್, ಕಡ್ಡಿ, ತೊಡೆ ನೋವು ಯಾವುದೂ ದೊಡ್ಡದಾಗಿ ಕಾಣಲಿಲ್ಲ. ಆದರೆ ಅವನೇ ಏಳೆಂಟು ವರ್ಷ ಓಡಿಸಿದ ಮೇಲೆ? ಈಗ ಅವನಿಗೆ ಕಾರು ಅಂದರೆ ಏನು ಅಂತ ಗೊತ್ತು. ಏನು ಬೇಡ ಅಂತಲೂ ಗೊತ್ತು. ಮಳೆ ಬಂದರೆ ಬಟ್ಟೆಯ ಟಾಪ್ ಎಳೆದು, ಪಕ್ಕಕ್ಕೆ ಪರದೆ ಕಟ್ಟಿಕೊಂಡು ನೆನೆಯುವುದು ಸಾಕಾಗಿತ್ತು. ರಾತ್ರಿ ಹೊತ್ತು ದೀಪದ ಕಥೆ ಇನ್ನೂ ಕಷ್ಟ. 1915ರಿಂದ ವಿದ್ಯುತ್ ದೀಪ ಬಂದಿತ್ತು, ಆದರೆ ಅದಕ್ಕೆ ಕರೆಂಟು ಬರುತ್ತಿದ್ದದ್ದು ಮ್ಯಾಗ್ನೆಟೊದಿಂದ, ಅಂದರೆ ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಸಾಧನದಿಂದ. ರಸ್ತೆ ಕೆಟ್ಟಿದೆ ಅಂತ ನಿಧಾನ ಮಾಡಿದರೆ ದೀಪವೂ ಮಂಕಾಗುತ್ತಿತ್ತು. ಬೆಳಕು ಬೇಕಾದಾಗಲೇ ಬೆಳಕಿಲ್ಲ.

ಸೆಲ್ಫ್ ಸ್ಟಾರ್ಟರ್ 1912ರಲ್ಲೇ ಕ್ಯಾಡಿಲಾಕ್ ಕಾರಿಗೆ ಬಂದಿತ್ತು. ಟಿ ಕಾರಿಗೆ ಬಂದದ್ದು 1919ರಲ್ಲಿ. ಮುಚ್ಚಿದ ಬಾಡಿಯ ಕಾರಿನ ಕಥೆ ಇನ್ನೂ ಮುಖ್ಯ. 1922ರ ಸುಮಾರಿಗೆ ಹಡ್ಸನ್ ಕಂಪನಿ ಎಸೆಕ್ಸ್ ಅನ್ನುವ ಕಾರನ್ನು ಗಾಜು, ಗಟ್ಟಿ ಛಾವಣಿ ಸಮೇತ ಕಡಿಮೆ ಬೆಲೆಗೆ ತಂತು. ಜನ ಅತ್ತ ಹೊರಳಿದರು. 1919ರಲ್ಲಿ ಹತ್ತರಲ್ಲಿ ಒಂದು ಕಾರಿಗೆ ಮಾತ್ರ ಮುಚ್ಚಿದ ಬಾಡಿ ಇತ್ತು. 1927ಕ್ಕೆ ನೂರರಲ್ಲಿ 85 ಕಾರು ಅಂಥವೇ. ಟಿ ಕಾರಿಗೂ ಮುಚ್ಚಿದ ಬಾಡಿ ಕೂರಿಸಿದರು. ಆದರೆ ಹಗುರ ಚಾಸಿ, 20 ಅಶ್ವಶಕ್ತಿ, ಎರಡೇ ಗೇರು. ಭಾರ ಹೊರಲು ಏದುಸಿರು ಬಿಡುತ್ತಿತ್ತು. ಕೆಸರಿನ ರಸ್ತೆಯಲ್ಲಿ ಯಾವ ಹಗುರತನ ಅದರ ಬಲವಾಗಿತ್ತೋ ಅದೇ ಈಗ ಅಡ್ಡಬಂತು.

ಅಷ್ಟರಲ್ಲಿ ಫೋರ್ಡ್‌ನ ಎದುರಾಳಿ ಕಂಪನಿ ಜನರಲ್ ಮೋಟಾರ್ಸ್‌ಗೆ ಆಲ್ಫ್ರೆಡ್ ಸ್ಲೋನ್ ಅಧ್ಯಕ್ಷರಾಗಿದ್ದರು. ಫೋರ್ಡ್ ಬಿಟ್ಟು ಬಂದ ವಿಲಿಯಂ ನುಡ್ಸೆನ್ ಕೈಗೆ ಅದರ ಅಗ್ಗದ ಕಾರುಗಳ ವಿಭಾಗ ಷೆವ್ರೊಲೆ ಸಿಕ್ಕಿತ್ತು. ಟಿ ಕಾರಿಗಿಂತ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಷೆವ್ರೊಲೆಯಲ್ಲಿ ಮೂರು ಗೇರು, ನೋಡಲು ಚಂದದ ಬಾಡಿ. 1924ರ ಹೊತ್ತಿಗೆ ಬೇಗ ಒಣಗುವ ಹೊಸ ಬಗೆಯ ಪೇಂಟ್ ಬಂದದ್ದರಿಂದ ಅಗ್ಗದ ಕಾರಿಗೂ ಬಣ್ಣಗಳು ಬಂದವು.

ದುಡ್ಡು ಹೊಂದಿಸುವುದರಲ್ಲೂ ಫೋರ್ಡ್ ಹಿಂದೆ ಬಿದ್ದರು. ಜನರಲ್ ಮೋಟಾರ್ಸ್ 1919ರಲ್ಲೇ ಸಾಲ ಕೊಡುವ ಕಂಪನಿ ತೆರೆದಿತ್ತು: ಕಾರು ಇವತ್ತು ತಗೊಂಡು ಹೋಗಿ, ಕಂತು ಆಮೇಲೆ ಕಟ್ಟಿ. ಸಾಲ ಅಂದರೆ ಹೆನ್ರಿ ಫೋರ್ಡ್‌ಗೆ ಆಗುತ್ತಿರಲಿಲ್ಲ. 1923ರಲ್ಲಿ ಅವರು ತಂದದ್ದು ಚೀಟಿ ಹಾಕಿದಂಥ ಯೋಜನೆ. ವಾರಕ್ಕೆ 5 ಡಾಲರ್ ಕಟ್ಟುತ್ತಾ ಹೋಗಿ, ಪೂರ್ತಿ ಸೇರಿದ ಮೇಲೆ ಕಾರು. ಪಕ್ಕದ ಮನೆಯವನು ಷೆವ್ರೊಲೆಯಲ್ಲಿ ಓಡಾಡುತ್ತಿರುವಾಗ ವರ್ಷವಿಡೀ ಕಾಯುವವರು ಯಾರು? ಅದು ನಡೆಯಲಿಲ್ಲ. ಇನ್ನು ಬೆಲೆಯೇ ಮುಖ್ಯ ಅನ್ನುವವನಿಗೆ ಸೆಕೆಂಡ್ ಹ್ಯಾಂಡ್ ಕಾರುಗಳು ಬೇಕಾದಷ್ಟಿದ್ದವು. ಹೊಸ ಟಿ ಕಾರಿನ ದುಡ್ಡಿಗೆ ಒಂದೆರಡು ವರ್ಷ ಓಡಿದ, ಸೆಲ್ಫ್ ಸ್ಟಾರ್ಟರ್ ಇರುವ ದೊಡ್ಡ ಕಾರೇ ಸಿಗುತ್ತಿತ್ತು. ಫೋರ್ಡ್ ತನ್ನ ಎರಡು ಸೀಟಿನ ಟಿ ಕಾರನ್ನು 260 ಡಾಲರ್‌ಗೆ ಇಳಿಸಿದರೂ ಇದನ್ನು ತಡೆಯಲಾಗಲಿಲ್ಲ.

ಕಂಪನಿ ಒಳಗೆ ಯಾರಿಗೂ ಇದು ಕಾಣಲಿಲ್ಲವೇ? ಕಂಡಿತ್ತು. ಅದೇ ನನಗೆ ಬೇಸರ ತರಿಸುವ ಭಾಗ. ಹೆನ್ರಿ ಯುರೋಪಿಗೆ ಹೋಗಿದ್ದಾಗ, 1912ರಲ್ಲಿ, ಕೆಲವರು ಸೇರಿ ಟಿ ಕಾರಿನ ಸುಧಾರಿಸಿದ ರೂಪವೊಂದನ್ನು ಮಾಡಿಟ್ಟಿದ್ದರು. ಹಿಂತಿರುಗಿ ಬಂದ ಹೆನ್ರಿ ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲು ಕಿತ್ತು, ಗಾಜು ಒಡೆದು, ಕೈಯಾರೆ ಹಾಳುಮಾಡಿದರು ಅಂತ ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಮಗ ಎಡ್ಸೆಲ್ 1919ರಿಂದ ಅಧ್ಯಕ್ಷ. ಹೊಸ ಕಾರು ಬೇಕು ಅನ್ನುವುದು ಅವನ ಮಾತು. ಆದರೆ ಕೊನೆಯ ಮಾತು ಅಪ್ಪನದು. 1926ರ ಜನವರಿಯಲ್ಲಿ ಎಡ್ಸೆಲ್‌ನ ಷಡ್ಡಕ ಅರ್ನೆಸ್ಟ್ ಕಾನ್‌ಜ್ಲರ್ ಆರು ಪುಟದ ಟಿಪ್ಪಣಿ ಬರೆದು ಹೆನ್ರಿ ಮುಂದಿಟ್ಟರು. ತುಂಬ ವಿನಯದಿಂದಲೇ ಬರೆದಿದ್ದರು: ಜನ ಬೇರೆ ಕಾರುಗಳತ್ತ ಹೋಗುತ್ತಿದ್ದಾರೆ, ಹೊಸದು ಮಾಡಲೇಬೇಕು ಅಂತ. ಕೆಲವೇ ತಿಂಗಳಲ್ಲಿ ಕಾನ್‌ಜ್ಲರ್ ಕೆಲಸ ಹೋಯಿತು.

ನಾನು ಹೆನ್ರಿ ಫೋರ್ಡ್ ಅವರನ್ನು ಬರೀ ಹಟಮಾರಿ ಅಂತ ಬದಿಗೆ ಸರಿಸಲಾರೆ. ಬೆಲೆ ಇಳಿಸುತ್ತಾ ಹೋದರೆ ಇನ್ನೂ ಬಡವನ ಮನೆಗೂ ಕಾರು ಬರುತ್ತದೆ ಅಂತ ಅವರು ನಂಬಿದ್ದರು. ಹದಿನೈದು ವರ್ಷ ಆ ನಂಬಿಕೆ ನಿಜವೂ ಆಗಿತ್ತು. ಆದರೆ ಮೊದಲ ಕಾರು ಕೊಳ್ಳುವವನ ಮಾತನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡವರು, ಎರಡನೇ ಕಾರು ಕೊಳ್ಳಲು ಬಂದ ಅದೇ ಮನುಷ್ಯನ ಮಾತಿಗೆ ಕಿವಿ ಕೊಡಲಿಲ್ಲ.

1927ರ ಮೇ 26ರಂದು ಒಂದೂವರೆ ಕೋಟಿಯ ಕಾರು ಹೈಲ್ಯಾಂಡ್ ಪಾರ್ಕ್‌ನಿಂದ ಹೊರಬಂತು. ಅಪ್ಪ, ಮಗ ಇಬ್ಬರೂ ಅದರಲ್ಲಿ ಕೂತಿದ್ದರು. ಆಮೇಲೆ ಸಾಲು ನಿಂತಿತು. ಮುಂದಿನ ಕಾರು ಏನು ಅಂತ ಇನ್ನೂ ತಯಾರಾಗಿರಲಿಲ್ಲ! ಸುಮಾರು ಆರು ತಿಂಗಳು ಕಾರ್ಖಾನೆ ಬಾಗಿಲು ಹಾಕಿತು, ಸಾವಿರಾರು ಜನ ಕೂಲಿಯಿಲ್ಲದೆ ಮನೆಯಲ್ಲಿ ಕೂತರು. ಆ ವರ್ಷ ಷೆವ್ರೊಲೆ ಮೊದಲ ಸಲ ಫೋರ್ಡನ್ನು ಹಿಂದೆ ಹಾಕಿತು. ಡಿಸೆಂಬರ್ 2ರಂದು ಮಾಡೆಲ್ ಎ ಬಂತು. ಮೂರು ಗೇರು, 40 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಬ್ರೇಕ್, ಒಡೆದರೂ ಚೂರಾಗಿ ಹಾರದ ಮುಂದಿನ ಗಾಜು. ಪೆಡಲ್‌ಗಳು ಇವತ್ತು ನಮಗೆ ಗೊತ್ತಿರುವ ಕ್ರಮದಲ್ಲಿದ್ದವು. ಇಪ್ಪತ್ತು ವರ್ಷ ಟಿ ಓಡಿಸಿದವರು ಡ್ರೈವಿಂಗನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಟಿ ಕಾರಿನ ದಾಖಲೆ, ಅಂದರೆ 1,50,07,033, ಮುರಿದದ್ದು 1972ರಲ್ಲಿ, ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಡೆಟ್ರಾಯಿಟ್ ಕಡೆ ನೆಂಟರಿದ್ದು ಅಲ್ಲಿಗೆ ಹೋಗುವವರಿದ್ದರೆ ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜ್‌ಗೆ ಹೋಗಿ. ಅಲ್ಲಿ ಟಿ ಕಾರಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆಸುತ್ತಾರೆ. ಚಾಲಕನ ಕಾಲು, ಕೈ ಎರಡನ್ನೂ ಗಮನಿಸಿ ನೋಡಿ.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಗೇ ಸೇರಿದ್ದು. ಕಾರು ನಿಂತಿದ್ದು 1927ರಲ್ಲಿ, ಆದರೆ ಅದರ ಎಂಜಿನ್ ನಿಲ್ಲಲಿಲ್ಲ. ಹಳೇ ಟಿ ಇಟ್ಟುಕೊಂಡವರು ಲಕ್ಷಗಟ್ಟಲೆ ಇದ್ದರು. ಅವರ ಕಾರಿಗೆ, ಸೌದೆ ಕೊಯ್ಯುವ ಯಂತ್ರಕ್ಕೆ, ನೀರಿನ ಪಂಪಿಗೆ ಬೇಕು ಅಂತ ಫೋರ್ಡ್ ಆ ಎಂಜಿನ್‌ಗಳನ್ನು 1941ರ ಆಗಸ್ಟ್‌ವರೆಗೂ ಮಾಡಿ ಕೊಡುತ್ತಲೇ ಇತ್ತು.