ಹಿನ್ನೆಲೆಗೆ ಮಸಿ ಬಳಿದು ಕರೋನಾ ಕಂಡ ಜೂನ್ ಅಲ್ಮೇಡಾ

2020ರಲ್ಲಿ ವಾಟ್ಸಾಪ್‌ನಲ್ಲಿ ಓಡಾಡಿದ ಫೋಟೊ ನೆನಪಿದೆಯೇ? ಹಳೆಯ ಸೋಂಕುನಾಶಕದ ಬಾಟಲಿ, ಅದರ ಚೀಟಿಯಲ್ಲಿ ‘ಕರೋನಾವೈರಸ್’ ಎಂಬ ಪದ, ಕೆಳಗೆ ‘ನೋಡಿ, ಇವರಿಗೆ ಮೊದಲೇ ಗೊತ್ತಿತ್ತು!’ ಎಂಬ ಉದ್ಗಾರ. ಗೊತ್ತಿತ್ತು, ನಿಜ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಆ ಹೆಸರು 1968ರಲ್ಲೇ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕರೋನಾ ಎನ್ನುವುದು ಇಡೀ ಒಂದು ವೈರಸ್ ಮನೆತನದ ಹೆಸರು. ಮನುಷ್ಯನಿಗೆ ಅಂಟುವ ಕರೋನಾದ ರೂಪವನ್ನು ಮೊದಲು ಕಂಡವರು ಹದಿನಾರಕ್ಕೇ ಶಾಲೆ ಬಿಟ್ಟ ಜೂನ್ ಅಲ್ಮೇಡಾ.

ಹುಟ್ಟಿದ್ದು 1930ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ. ತಂದೆ ಬಸ್ ಚಾಲಕ. ವಿಶ್ವವಿದ್ಯಾಲಯಕ್ಕೆ ಹೋಗಲು ದುಡ್ಡಿರಲಿಲ್ಲ. ಗ್ಲಾಸ್ಗೊ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದರು. ಆಮೇಲೆ ಲಂಡನ್, ವೆನೆಜುವೆಲಾದ ಚಿತ್ರಕಲಾವಿದನೊಂದಿಗೆ ಮದುವೆ, ಅಲ್ಲಿಂದ ಕೆನಡಾದ ಟೊರೊಂಟೊ. ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೈ ಪಳಗಿದ್ದು ಅಲ್ಲಿನ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ. 1964ರಲ್ಲಿ ವೈರಾಣುತಜ್ಞ ಎ. ಪಿ. ವಾಟರ್‌ಸನ್, ಅಲ್ಮೇಡಾ ಅವರನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಕರೆತಂದರು. ಡಾಕ್ಟರೇಟ್ ಸಿಕ್ಕಿದ್ದು ಆಮೇಲೆ, ಪ್ರಕಟಿಸಿದ ಸಂಶೋಧನೆಗಳ ಬಲದ ಮೇಲೆ.

ಇನ್ನು ಅವರ ಕೈಚಳಕದ ಮಾತು. ವೈರಸ್ಸಿನ ಮೈಯಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕದಂಥ ಹಗುರ ಧಾತುಗಳು. ಎಲೆಕ್ಟ್ರಾನುಗಳು ಅದರೊಳಗೆ ಸಲೀಸಾಗಿ ತೂರಿಹೋಗುತ್ತವೆ, ಏನೂ ಕಾಣದು. ಉಪಾಯವೆಂದರೆ ವೈರಸ್ಸನ್ನು ಹಾಗೇ ಬಿಟ್ಟು ಸುತ್ತಲಿನ ಜಾಗಕ್ಕೆ ಮಸಿ ಬಳಿಯುವುದು. ಗೋಡೆಗೆ ಅಂಗೈ ಒತ್ತಿ ಸುತ್ತ ಕೆಮ್ಮಣ್ಣು ಚಿಮುಕಿಸಿ ಕೈ ತೆಗೆದರೆ ಬೆರಳುಗಳ ಆಕಾರ ಉಳಿಯುತ್ತದಲ್ಲ, ಹಾಗೆ. ಅಥವಾ ಮಳೆ ಬಂದು ನಿಂತ ಮೇಲೆ ಕಾರು ತೆಗೆದಾಗ ರಸ್ತೆಯಲ್ಲಿ ಉಳಿಯುವ ಒಣ ಚೌಕದ ಹಾಗೆ. ಮಸಿ ಯಾವುದು? ಫಾಸ್ಫೊಟಂಗ್‌ಸ್ಟಿಕ್ ಆಮ್ಲ. ಟಂಗ್‌ಸ್ಟನ್ನಿನ ಪರಮಾಣು ಸಂಖ್ಯೆ 74. ಇಂಗಾಲದ್ದು ಬರೀ 6. ಈ ಭಾರದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಚೆದುರಿಸುತ್ತವೆ. ಹಿನ್ನೆಲೆ ಕಪ್ಪಾಗಿ, ವೈರಸ್ ಬೆಳ್ಳಗೆ ಎದ್ದು ಕಾಣುತ್ತದೆ.

ಮಾಡುವ ಕೆಲಸ ಐದೇ ನಿಮಿಷದ್ದು. 3 ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ತೆಳು ಇಂಗಾಲದ ಪೊರೆ. ಅದರ ಮೇಲೆ ಮಾದರಿಯ ಒಂದು ಹನಿ, ಆಮೇಲೆ ಆ ಆಮ್ಲದ 2-3 ಪ್ರತಿಶತ ದ್ರಾವಣದ ಒಂದು ಹನಿ. ಅಂಚಿಗೆ ಫಿಲ್ಟರ್ ಕಾಗದ ತಾಗಿಸಿ ಹೆಚ್ಚಿನದನ್ನು ಹೀರಿ ಒಣಗಿಸಿದರೆ ಆಯಿತು. ಕೆಡುವುದೂ ಅಷ್ಟೇ ಸುಲಭ. ಆಮ್ಲವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7ರ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ಹದದ) ಆಸುಪಾಸಿಗೆ ತರದಿದ್ದರೆ ವೈರಸ್ಸಿನ ರೂಪವೇ ಹಾಳು. ಮಸಿ ಹೆಚ್ಚು ಉಳಿದರೆ ಎಲ್ಲ ಕಗ್ಗತ್ತಲು, ಕಾಗದ ಪೂರಾ ಹೀರಿಬಿಟ್ಟರೆ ಮಸಿಯೇ ಇಲ್ಲ. ಮಾದರಿಯಲ್ಲಿ ಉಪ್ಪು ಉಳಿದಿದ್ದರೆ ಹರಳುಗಟ್ಟಿ ಕಣ್ಣಿಗೆ ಮೋಸ. ಎಲ್ಲ ಸರಿ ಬಂದರೂ, ಒಂದು ಮಿಲಿಲೀಟರಿಗೆ ಹತ್ತು ಲಕ್ಷದಷ್ಟಾದರೂ ವೈರಸ್ ಕಣಗಳಿಲ್ಲದಿದ್ದರೆ ಹುಡುಕುವುದು ವ್ಯರ್ಥ.

ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಘಟಕವಿತ್ತು. ಅಲ್ಲಿನ ಡೇವಿಡ್ ಟಿರೆಲ್ ಕೈಯಲ್ಲಿ ಬೋರ್ಡಿಂಗ್ ಶಾಲೆಯ ಹುಡುಗನೊಬ್ಬನ ಮೂಗಿನ ಮಾದರಿ ಇತ್ತು, ಸಂಕೇತ ಬಿ814. ಸ್ವಯಂಸೇವಕರ ಮೂಗಿಗೆ ಹಾಕಿದರೆ ನೆಗಡಿ ಗ್ಯಾರಂಟಿ, ಮಾಮೂಲಿ ಕೋಶಗಳಲ್ಲಿ ಬೆಳೆಸಹೋದರೆ ಸುಳಿವಿಲ್ಲ. ಕೊನೆಗೆ ಅದು ಬೆಳೆದದ್ದು ಭ್ರೂಣದ ಶ್ವಾಸನಾಳದ ಚೂರುಗಳಲ್ಲಿ. ಗೊತ್ತಿದ್ದ ಇನ್‌ಫ್ಲುಯೆಂಜಾ, ಹರ್ಪಿಸ್ ಮಾದರಿಗಳ ಜೊತೆ ಬಿ814 ಕೂಡ ಅಲ್ಮೇಡಾ ಬಳಿಗೆ ಹೋಯಿತು. ಕಂಡದ್ದು ಸುತ್ತಲೂ ಗದೆಯಂಥ ಮುಳ್ಳುಗಳಿದ್ದ ದುಂಡು ಕಣ. ಅವರಿಗೆ ಅದು ಹೊಸ ಮುಖವಲ್ಲ. ಕೋಳಿಗಳ ಬ್ರಾಂಕೈಟಿಸ್ ವೈರಸ್ಸಿನಲ್ಲಿ, ಇಲಿಗಳ ಹೆಪಟೈಟಿಸ್ ವೈರಸ್ಸಿನಲ್ಲಿ ಇಂಥದ್ದನ್ನೇ ಮೊದಲು ನೋಡಿದ್ದರು. ಆಗ ಬರೆದ ಪ್ರಬಂಧವನ್ನು ಪರಿಶೀಲಕರು, ಇದು ಇನ್‌ಫ್ಲುಯೆಂಜಾದ ಕೆಟ್ಟ ಚಿತ್ರ ಅಷ್ಟೇ ಎಂದು ವಾಪಸ್ ಕಳಿಸಿದ್ದರು! 1967ರಲ್ಲಿ ಟಿರೆಲ್ ಜೊತೆಗಿನ ಪ್ರಬಂಧದಲ್ಲಿ ಮನುಷ್ಯರ ಬಿ814 ಮತ್ತು ಇನ್ನೊಂದು ನೆಗಡಿ ವೈರಸ್ 229ಇ ಎರಡೂ ಕೋಳಿ ವೈರಸ್ಸಿನ ಪಡಿಯಚ್ಚು ಎಂದು ತೋರಿಸಿದರು.

ಹೆಸರಿನ ಅರ್ಥ ‘ಕಿರೀಟ’ ಎಂದು ನಮ್ಮ ಪತ್ರಿಕೆಗಳು ಬರೆದವು. ಲ್ಯಾಟಿನ್ ಪದದ ಅರ್ಥ ಅದೇ, ತಪ್ಪಿಲ್ಲ. ಆದರೆ 1968ರ ‘ನೇಚರ್’ ಟಿಪ್ಪಣಿ ಹೋಲಿಸಿದ್ದು ಗ್ರಹಣದ ಹೊತ್ತು ಸೂರ್ಯನ ಸುತ್ತ ಕಾಣುವ ಕಾಂತಿಗೆ. ದೇವರ ವಿಗ್ರಹದ ಹಿಂದಿನ ಪ್ರಭಾವಳಿ ನೆನೆದರೆ ಹತ್ತಿರವಾದೀತು.

ಕರೋನಾದ ಗದ್ದಲದಲ್ಲಿ ಅಲ್ಮೇಡಾ ಅವರ ಇನ್ನೊಂದು ದೊಡ್ಡ ಕೆಲಸ ಮರೆಯಾಗಿದೆ. ಮಾದರಿಗೆ ಪ್ರತಿಕಾಯ, ಎಂದರೆ ರೋಗಾಣುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನು, ಬೆರೆಸಿ ನೋಡುವ ವಿಧಾನ ಅದು. ಪ್ರತಿಕಾಯಕ್ಕೆ ಎರಡು ಕೈ; ಒಂದೊಂದರಲ್ಲಿ ಒಂದೊಂದು ವೈರಸ್ ಹಿಡಿದರೆ ಎಲ್ಲ ಗೊಂಚಲಾಗುತ್ತವೆ. ಜಾತ್ರೆಯಲ್ಲಿ ಒಂಟಿ ಮಗು ಕಣ್ಣಿಗೆ ಬೀಳದು, ಕೈಕೈ ಹಿಡಿದ ಶಾಲಾಮಕ್ಕಳ ಗುಂಪು ಬೀಳುತ್ತದೆ. ಪ್ರತಿಕಾಯ ವಿಪರೀತವಾದರೆ ಮಾತ್ರ ಪ್ರತಿ ವೈರಸ್ಸಿಗೂ ತುಪ್ಪಳದಂತೆ ಮುತ್ತಿಕೊಂಡು, ಇನ್ನೊಂದನ್ನು ಹಿಡಿಯಲು ಜಾಗವೇ ಇರದೆ ಗೊಂಚಲು ಕಟ್ಟುವುದಿಲ್ಲ. ರುಬೆಲ್ಲಾ ವೈರಸ್ ಮೊದಲು ಕಣ್ಣಿಗೆ ಬಿದ್ದದ್ದು ಹೀಗೆ. ಅಮೆರಿಕದ ಆಲ್ಬರ್ಟ್ ಕಪಿಕಿಯನ್ ಈ ವಿದ್ಯೆಯನ್ನು ಅಲ್ಮೇಡಾ ಅವರಿಂದಲೇ ಕಲಿತು, 1972ರಲ್ಲಿ ವಾಂತಿಭೇದಿಯ ನಾರ್ವಾಕ್ ವೈರಸ್ಸನ್ನು ರೋಗಿಗಳ ಮಲದಲ್ಲಿ ಪತ್ತೆಹಚ್ಚಿದರು. ಮರುವರ್ಷ ಅವರ ತಂಡಕ್ಕೆ ಹೆಪಟೈಟಿಸ್ ಎ ಸಿಕ್ಕಿತು.

ನಿವೃತ್ತಿಯ ನಂತರ ಯೋಗ ಕಲಿತು ಕಲಿಸಿದ ಅಲ್ಮೇಡಾ 2007ರಲ್ಲಿ ತೀರಿಕೊಂಡರು. 2020ರ ಜನವರಿಯಲ್ಲಿ ಚೀನಾದ ವಿಜ್ಞಾನಿಗಳು ಹೊಸ ವೈರಸ್ಸಿನ ಚಿತ್ರ ಪ್ರಕಟಿಸಿದಾಗ ಬಳಸಿದ್ದೂ ಹಿನ್ನೆಲೆಗೆ ಮಸಿ ಬಳಿಯುವ ಇದೇ ತಂತ್ರ. ಕಣದ ಅಗಲ 60ರಿಂದ 140 ನ್ಯಾನೊಮೀಟರ್, ಮುಳ್ಳು 9ರಿಂದ 12, ರೂಪ ಸೂರ್ಯನ ಕರೋನಾದಂತೆ ಎಂದು ಅವರು ಬರೆದರು.